ಉಡಚಪ್ಪನ ಮೂವತ್ತು ವರ್ಷದ ಗಾಳಿ

ಗದಗ,
ಗಾಳಿ ತಿಂಗಳ ಮೂವತ್ತಮೂರನೆಯ ದಿನ, 2187

ನಮ್ಮ ಮುತ್ತಜ್ಜಿಯರ ಮುತ್ತಜ್ಜಿಯರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ಆಷಾಢದ ಗಾಳಿ ನಿಲ್ಲುವವರೆಗೆ ನಮ್ಮಲ್ಲಿ ಆ ತಿಂಗಳು ಮುಗಿಯುವುದಿಲ್ಲ, ಈ ಸಲ ಅದು ಇನ್ನೂ ಬೀಸುತ್ತಲೇ ಇದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮಾತುಗಳೂ ನಮಗೆ ಹಾಗೆಯೇ ಕೇಳಿಸುತ್ತವೆ. ವರ್ಷಕ್ಕೊಮ್ಮೆ ಊರಿನ ಒಬ್ಬರಿಗೆ ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು, ಬರೆಯುವ ಸರದಿ ಬರುತ್ತದೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ಹೋದ ವರ್ಷದವರು ಬದನೆಕಾಯಿಯ ರುಚಿ ಕೆಟ್ಟಿದೆಯೆಂದು ನಿಮ್ಮನ್ನು ಬೈದು ಬರೆದರಂತೆ. ನಾನು ಬೈಯಲು ಬಂದವಳಲ್ಲ. ನಿನ್ನೆಯ ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಬರೆಯುತ್ತಿದ್ದೇನೆ.

ನಾನು ಶಾಂಭವಿ ಹೊಂಬಳ, ಗದಗ ನಾಲ್ಮನೆ ತಂಡದ ಹಿಡಿಗಾರ್ತಿ. ನಾಲ್ಮನೆಯೆಂದರೆ ನಿಮ್ಮ ಬೇಸ್‌ಬಾಲ್. ಚೆಂಡನ್ನು ಹೊಡೆದು, ಮೂರು ಮನೆ ಮುಟ್ಟಿ, ಹೊರಟ ಮನೆಗೇ ಓಡಿ ಬರುವ ಆಟ. ಎಸೆಗಾರ ಎಸೆದದ್ದನ್ನು ದಾಂಡಿಗನ ಬೆನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಹಿಡಿಯುವುದು ನನ್ನ ಕೆಲಸ. ಮಂಡಿಯ ಕಥೆ ಕೇಳಬೇಡಿ. ನಮ್ಮಲ್ಲಿ ಹತ್ತೊಂಬತ್ತು ವರ್ಷದ ನಿಂಬೆವ್ವ ಎಂಬ ಎಸೆಗಾರ್ತಿ ಇದ್ದಾಳೆ. ಅವಳ ಚೆಂಡು ಕೈಗೆ ಬಿದ್ದರೆ ಅಂಗೈ ಸಂಜೆಯವರೆಗೆ ಚುರುಗುಡುತ್ತದೆ. ಈ ಹುಡುಗಿಯನ್ನು ನಿನ್ನೆ ನಮ್ಮ ಊರು ನಲವತ್ತು ವರ್ಷಕ್ಕೆ ಕಟ್ಟಿಹಾಕುವುದರಲ್ಲಿತ್ತು.

ಊರಿಗೆ ಇದು ಹೊಸ ಚಟವಲ್ಲ. ನಾನು ಹತ್ತು ವರ್ಷದವಳಿದ್ದಾಗ ಉಡಚಪ್ಪ ಮುಳಗುಂದ ಎಂಬ ಇಪ್ಪತ್ತೆರಡರ ತರುಣ ನಮ್ಮ ಎಸೆಗಾರನಾಗಿದ್ದ. ಅವನು ಎಸೆದರೆ ದಾಂಡಿಗರು ಗಾಳಿಗೆ ದಾಂಡು ಬೀಸಿ ಮುಖ ಒರೆಸಿಕೊಳ್ಳುತ್ತ ಹೋಗುತ್ತಿದ್ದರು. ಬಳ್ಳಾರಿಯವರು ಅವನಿಗೆ ಇಪ್ಪತ್ತು ವರ್ಷದ ಒಪ್ಪಂದ ಕೊಡುತ್ತಾರಂತೆ ಎಂಬ ಸುದ್ದಿ ಬಂದದ್ದೇ ತಡ, ನಮ್ಮ ಹಿರಿಯರು ಮೂವತ್ತು ಅಂದುಬಿಟ್ಟರು. ಸಂಬಳ ಏನೆಂದು ಕೇಳಿ: ಕಪ್ಪತಗುಡ್ಡದ ನಮ್ಮ ಗಾಳಿಯಂತ್ರಗಳ ಅರ್ಧ ಗಾಳಿ. ನಮ್ಮ ಕಾಲದಲ್ಲಿ ಊರಿನ ಬೆಳಕು, ಹಿಟ್ಟಿನ ಗಿರಣಿ, ಬಸ್ಸು ಎಲ್ಲವೂ ಆ ಗಾಳಿಯಿಂದಲೇ. ಅಂದು ನಾನೂ ಅಪ್ಪನ ಹೆಗಲ ಮೇಲೆ ಕೂತು ಚಪ್ಪಾಳೆ ತಟ್ಟಿದ್ದೆ, ಎಂಥ ಚಂದದ ದಿನ ಅದು.

ಐದನೆಯ ವರ್ಷ ಉಡಚಪ್ಪನ ಭುಜ ಹೋಯಿತು. ಒಪ್ಪಂದ ಹೋಗಲಿಲ್ಲ. ಆಟವನ್ನು ಆಳುವ ಆಟಪೀಠದ ಕಟ್ಟಳೆಯ ಪ್ರಕಾರ ಕೊಟ್ಟ ಗಾಳಿಯನ್ನು ಹಿಂದಿರುಗಿಸುವಂತಿಲ್ಲ, ಇನ್ನೊಬ್ಬರಿಗೆ ಮಾರುವಂತಿಲ್ಲ. ಆಟಗಾರ ನಡುವೆ ಬಿಟ್ಟರೆ ಉಳಿದಷ್ಟು ವರ್ಷ ತಂಡವೇ ಹೊರಗೆ. ದೊಡ್ಡ ಆಟಗಾರರನ್ನು ಕೊಂಡು ಬಚ್ಚಿಡಬಾರದೆಂದು, ಹತ್ತು ವರ್ಷ ಮೀರಿದ ಒಪ್ಪಂದವಿದ್ದರೆ ಆ ಎಸೆಗಾರನೇ ಪ್ರತಿ ಪಂದ್ಯದ ಮೊದಲ ದಾಂಡಿಗನಿಗೆ ಎಸೆಯಬೇಕೆಂಬ ನಿಯಮ ಬೇರೆ. ಹೀಗಾಗಿ ಇಪ್ಪತ್ತೈದು ವರ್ಷ ನಮ್ಮ ಪ್ರತಿ ಪಂದ್ಯವೂ ಒಂದೇ ರೀತಿ ಶುರುವಾಯಿತು. ಉಡಚಪ್ಪ ಹಲ್ಲು ಕಚ್ಚಿ ಎಸೆಯುತ್ತಿದ್ದ, ಚೆಂಡು ಮದುವೆಗೆ ಹೊರಟ ಬೀಗರ ಹಾಗೆ ನಿಧಾನವಾಗಿ ಬರುತ್ತಿತ್ತು, ಎದುರಾಳಿ ಅದನ್ನು ಮೈದಾನದಾಚೆಗೆ ಬಾರಿಸಿ ನಗುತ್ತ ನಾಲ್ಕೂ ಮನೆ ಸುತ್ತುತ್ತಿದ್ದ. ಒಂದು ಕೊಟ್ಟೇ ಆಟ ಶುರುಮಾಡುವವರು ಎಂದು ನಮಗೆ ಹೆಸರೇ ಬಿತ್ತು. ತಂಡದ ಬಸ್ಸು ನಿಂತಿತು, ಬಳ್ಳಾರಿಗೆ ಲಾರಿಯಲ್ಲಿ ಈರುಳ್ಳಿ ಚೀಲಗಳ ಮೇಲೆ ಕೂತು ಹೋಗಿಬಂದೆವು. ಹೊಸ ಎಸೆಗಾರರನ್ನು ಕರೆತರಲು ಗಾಳಿ ಇರಲಿಲ್ಲ. ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎಂದು ಜನ ಆಡಿಕೊಂಡರು. ನಿಜ ಹೇಳಬೇಕೆಂದರೆ ಈಸಿಕೊಂಡವನ ಮುಖ ನೋಡಲಾಗುತ್ತಿರಲಿಲ್ಲ.

ಆದರೆ ಉಡಚಪ್ಪ ಸುಮ್ಮನೆ ಕೂರುವ ಪೈಕಿಯಲ್ಲ. ತನ್ನ ಪಾಲಿನ ಗಾಳಿಯಿಂದ ಮನೆಯ ಹಿಂದಿನ ಬಯಲಿಗೆ ದೀಪ ಹಾಕಿಸಿದ. ಜೋಳದ ರೊಟ್ಟಿ ಬಡಿಯುವ ಯಂತ್ರ ಇಟ್ಟ. ಊರಿನ ಮಕ್ಕಳೆಲ್ಲ ಸಂಜೆ ಅಲ್ಲಿಗೇ ಹೋಗಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಎಸೆಯುವುದನ್ನು ಕಲಿತವು. ಆ ಮಕ್ಕಳಲ್ಲಿ ಒಬ್ಬಳು ನಿಂಬೆವ್ವ.

ನಿನ್ನೆ ಅವನ ಒಪ್ಪಂದದ ಕೊನೆಯ ಪಂದ್ಯ, ಬಳ್ಳಾರಿಯ ಮೇಲೆಯೇ. ಐವತ್ತೆರಡರ ಉಡಚಪ್ಪ ಮೈದಾನದ ನಡುವೆ ನಿಂತ. ಗಾಳಿ ಗುಡ್ಡದ ಕಡೆಯಿಂದ ಹುಚ್ಚೆದ್ದು ಬೀಸುತ್ತಿತ್ತು. ಚೆಂಡು ಎಂದಿನಂತೆ ಬೀಗರ ನಡಿಗೆಯಲ್ಲಿ ಬಂತು, ದಾಂಡಿಗ ಎಂದಿನಂತೆ ಮುಗಿಲಿಗೆ ಬಾರಿಸಿದ. ಎಲ್ಲರೂ ಕತ್ತೆತ್ತಿ ನೋಡುತ್ತಿದ್ದಂತೆ ಮೇಲೆ ಹೋದ ಚೆಂಡು ಗಾಳಿಗೆ ಸಿಕ್ಕಿ ನಿಂತಿತು, ತಿರುಗಿತು, ಬಂದ ದಾರಿಯಲ್ಲೇ ವಾಪಸು ಹೊರಟಿತು. ನಾನು ಎದ್ದು ನಾಲ್ಕು ಹೆಜ್ಜೆ ಹಿಂದೆ ಸರಿದು ಕೈಯೊಡ್ಡಿದೆ. ಬಿತ್ತು, ಹಿಡಿದೆ, ದಾಂಡಿಗ ಔಟು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ. ಉಡಚಪ್ಪ ಗುಡ್ಡದ ಕಡೆ ತಿರುಗಿ ಕೈಮುಗಿದ, ಬಳ್ಳಾರಿಯವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಂದ್ಯ ಸೋತೆವು, ಅದು ಬೇರೆ ಮಾತು.

ಸಂಜೆ ಊರ ಸಭೆ ಸೇರಿತು. ಮಿರ್ಚಿ ಭಜಿ, ಮಂಡಕ್ಕಿ ಗಿರ್ಮಿಟ್ ತಿನ್ನುತ್ತಲೇ ತಂಡದ ಅಧ್ಯಕ್ಷ ಸಂಗನಬಸಪ್ಪ ಎದ್ದು, ಬಳ್ಳಾರಿಯವರು ನಿಂಬೆವ್ವನಿಗೆ ಮೂವತ್ತು ವರ್ಷ ಅನ್ನುತ್ತಿದ್ದಾರೆ, ನಾವು ನಲವತ್ತು ಕೊಡೋಣ ಎಂದ. ಜನ ಹೋ ಎಂದರು. ಅದೇ ಚಪ್ಪಾಳೆ, ಅದೇ ಹುರುಪು, ಅಪ್ಪಂದಿರ ಹೆಗಲ ಮೇಲೆ ಅದೇ ಮಕ್ಕಳು. ನಿಂಬೆವ್ವ ತನ್ನ ಬಲಭುಜವನ್ನು ಎಡಗೈಯಿಂದ ಹಿಡಿದುಕೊಂಡು ಕೂತಿದ್ದಳು. ಆಗ ಉಡಚಪ್ಪ ಎದ್ದ.

“ಎಳೇ ಭುಜದ ಮ್ಯಾಲೆ ಮಾಳಿಗಿ ಮನಿ ಕಟ್ಟಬ್ಯಾಡ್ರಿ. ಒಂದ್ ವರ್ಸ ಕೊಡ್ರಿ, ಮುಂದಿನ ವರ್ಸ ಮತ್ತ ಕೇಳ್ರಿ. ನಿಮಗೂ ಒಲ್ಲೆ ಅನ್ನಾಕ ಬಾಯಿ ಇರಲಿ, ಆಕಿಗೂ ಇರಲಿ.”

ಸಂಗನಬಸಪ್ಪ ಸಿಟ್ಟಿನಿಂದ, ಅವಳು ಬಳ್ಳಾರಿಗೆ ಹೋದರೆ ಯಾರು ಹೊಣೆ ಎಂದು ಕೇಳಿದ. ಹೋದರೆ ಹೋಗಲಿ, ಇಷ್ಟವಿದ್ದರೆ ಇರುತ್ತಾಳೆ ಎಂದು ನಾನು ಕೂತಲ್ಲಿಂದಲೇ ಕೂಗಿದೆ. ಕೊನೆಗೆ ಹುಡುಗಿಯನ್ನೇ ಕೇಳಿದರು. ಅವಳು ಒಂದೇ ವರ್ಷ ಸಾಕು ಎಂದಳು. ಒಂದು ಷರತ್ತನ್ನೂ ಹಾಕಿದಳು: ಬರುವ ವರ್ಷವೂ ಮೊದಲ ಎಸೆತ ಉಡಚಪ್ಪ ಕಾಕಾನದೇ ಆಗಬೇಕು, ಒಪ್ಪಂದ ಇಲ್ಲದೆ, ಅವನಿಗೆ ಮನಸ್ಸಿದ್ದರೆ. ಸಭೆಗೆ ಸಭೆಯೇ ಅವನ ಕಡೆ ತಿರುಗಿತು. ಮೂವತ್ತು ವರ್ಷ ಯಾರೂ ಅವನನ್ನು ಏನನ್ನೂ ಕೇಳಿರಲಿಲ್ಲ.

ಉಡಚಪ್ಪ ಗಿರ್ಮಿಟ್ ತಟ್ಟೆ ಕೆಳಗಿಟ್ಟ. ಮುಖ ತುಂಬ ನಗು. “ವಿಚಾರ ಮಾಡಿ ಹೇಳ್ತೀನಿ,” ಎಂದ.

ಸಭೆ ನಕ್ಕು ನಕ್ಕು ಉರುಳಿತು. ನಾನು ಅತ್ತೆ, ಸಂತೋಷಕ್ಕೇ ಅತ್ತೆ.

ಹಿರಿಯರೇ, ನಿಮ್ಮಲ್ಲೂ ಇಂಥ ಭುಜಗಳು ಹುಟ್ಟುತ್ತವೆ. ಮೆಚ್ಚಿ, ಕುಣಿಯಿರಿ, ಕೈತುಂಬ ಕೊಡಿ. ನಾಳೆಯ ಭುಜವನ್ನು ಮಾತ್ರ ಇಂದಿನ ಚಪ್ಪಾಳೆಯಲ್ಲಿ ಅಳೆಯಬೇಡಿ. ಇಷ್ಟೇ ನನ್ನ ಕೋರಿಕೆ.

ಇನ್ನು ಏಳಬೇಕು. ಈಗ ಬೆಳಗಿನ ಹೊತ್ತು, ಮೈದಾನದಿಂದ ಗೋಡೆಗೆ ಚೆಂಡು ತಾಗುವ ಸದ್ದು ಬರುತ್ತಿದೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ತುಂಬ ಹೊತ್ತು. ಅಷ್ಟು ನಿಧಾನವಾಗಿ ಎಸೆಯುವವನು ಊರಿನಲ್ಲಿ ಒಬ್ಬನೇ. ಯಾರೂ ಅವನಿಗೆ ಬಾ ಎಂದಿಲ್ಲ. ಹಿಡಿಯಲು ಯಾರಾದರೂ ಬೇಕಲ್ಲ, ನಾನು ಹೊರಟೆ.

ನಿಮ್ಮ,
ಶಾಂಭವಿ