ಹಿಂಡಿದ ಸೀರೆ

ಬನಹಟ್ಟಿ
೧೪-೨-೧೯೫೬

ಚಿ. ಮುರಿಗೆಪ್ಪನಿಗೆ ಅಕ್ಕನ ಆಶೀರ್ವಾದ.

ಮುಧೋಳದ ಅಂಗಡಿಯಲ್ಲಿ ಅರಿವೆ ಅಳೆದು ಕೊಡುವ ಕೆಲಸ ಒಗ್ಗಿತೆಂದು ಬರೆದಿದ್ದೀಯ. ಸಂತೋಷ. ಆದರೆ ಬಣ್ಣದ ಹಂಡೆಯ ಹತ್ತಿರವೂ ಹೋಗುವುದಿಲ್ಲ ಎಂದು ಎರಡೆರಡು ಸಲ ಬರೆದದ್ದೇಕೆ? ನಾನೇನೂ ಕೇಳಿರಲಿಲ್ಲ.

ನಿನ್ನೆ ಬೀಳಗಿಯ ವ್ಯಾಪಾರಿ ಕೃಷ್ಣಾಜಿಪಂತರು ಒಂದು ನೈಲಾನ್ ಸೀರೆ ತಂದು ನನ್ನ ಮುಂದೆ ಒಗೆದರು. "ಏನ್ ಬಣ್ಣಾ ಹಾಕೀಯವ್ವಾ! ಇಸ್ತ್ರಿ ತಿಕ್ಕಿ ತಿಕ್ಕಿ ಸಾಕಾತು, ಸುಕ್ಕು ಹೋಗವಲ್ದು."

ಸೆರಗಿನ ಮೂಲೆಯಲ್ಲಿ ನನ್ನ ಹೆಸರಿನ ಮುದ್ರೆ ಇತ್ತು. ನೀನು ಊರು ಬಿಟ್ಟ ವಾರವೇ ಕಳೆದುಹೋದ ಹಳೆಯ ಮರದ ಮುದ್ರೆ ಅದು. ಬಣ್ಣವೂ ರೇಷ್ಮೆಗೆಂದು ನಾವಿಬ್ಬರೇ ಕಂಡುಕೊಂಡಿದ್ದ ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ. ಆದರೆ ಯಾರೋ ಸೀರೆಯನ್ನು ಸುಡುಸುಡು ಇದ್ದಾಗಲೇ ಹಗ್ಗದಂತೆ ತಿರುವಿ ಹಿಂಡಿದ್ದಾರೆ. ತಿರುವು ಎಡಗೈಯವರದು. ಎಡಗೈಲಿ ಉಣ್ಣುತ್ತೀಯೆಂದು ಅವ್ವ ನಿನ್ನನ್ನು ಹೊಡೆಯುತ್ತಿದ್ದದ್ದು ಯಾಕೋ ನೆನಪಾಯಿತು.

ಪಂತರಿಗೆ, "ತಪ್ಪ ನಂದ ಐತ್ರಿ, ಬದಲಿ ಸೀರಿ ಕೊಡತೇನ್ರಿ" ಎಂದೆ.

ಅಲ್ಲಿ ಯಾರಾದರೂ ಕೇಳಿದರೆ ಹೇಳು. ಹತ್ತಿಯಂತೆ ನೈಲಾನನ್ನು ಹಿಂಡಬಾರದು. ಬಿಸಿಯಲ್ಲಿ ಬಿದ್ದ ಸುಕ್ಕು ಸೀರೆ ಹರಿಯುವ ತನಕ ಹೋಗುವುದಿಲ್ಲ. ಹಂಡೆಯಲ್ಲೇ ತಣಿಯಲು ಬಿಟ್ಟು, ನೀರು ಸೋರುತ್ತಿದ್ದಂತೆಯೇ ಗಳದ ಮೇಲೆ ಹರವಬೇಕು. ಇದನ್ನು ನಾನು ಕಲಿತದ್ದೂ ನೀನು ಹೋದ ಮೇಲೆಯೇ.

ಮುದ್ರೆ ಕಣ್ಣಿಗೆ ಬಿದ್ದರೆ ಕಳಿಸು. ಕಳಿಸಲು ಮನಸ್ಸಾಗದಿದ್ದರೆ, ಒತ್ತುವ ಮುಂಚೆ ಅದರಲ್ಲಿರುವ ಹೆಸರನ್ನು ಒಮ್ಮೆ ಓದು.

ನಿನ್ನ ಅಕ್ಕ,
ಅನಸವ್ವ