ಶಶಿಧರನ ಬಲಗಣ್ಣು ಮತ್ತು ನಿಮ್ಮ ದಾಖಲೆಯ ಕ್ಯಾಲಿಬರ್

ಬಂದೂಕು ನೋಂದಣಿಯ ಹೊಣೆ ಹೊತ್ತ ಅಧಿಕಾರಿಗಳೇ,

ನಿಮ್ಮ ದಾಖಲೆಯ ಒಂದು ತಪ್ಪು ಅಂಕಿಯನ್ನು ನಂಬಿ ನನ್ನ ಗೆಳೆಯ ಶಶಿಧರ ಬಲಗಣ್ಣು ಕಳೆದುಕೊಂಡಿದ್ದಾನೆ. ಆ ಅಂಕಿ ಬದಲಾಗಿದೆಯೆಂದು ಹನ್ನೊಂದು ತಿಂಗಳ ಮೊದಲೇ ನಿಮಗೆ ತಿಳಿಸಿದವನು ನಾನು.

ಆಗ ನಾನು ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿದ್ದೆ. ಧಾರವಾಡದ ಶಶಿಧರನದು ಪಕ್ಕದ ಬೀದಿ. ಮಡ್ಜಿ ಎಂಬ ಹಳ್ಳಿಗಾಡಿನ ಊರಲ್ಲಿ ರೈತರೊಬ್ಬರ ಹೊಲಕ್ಕೆ ನರಿ ಹೊಡೆಯಲು ಇಬ್ಬರೂ ಹೋಗುತ್ತಿದ್ದೆವು. ತಾಯಿಗೆ ಕಾಯಿಲೆಯೆಂದು ಅವನು ಊರಿಗೆ ಹೋಗಿದ್ದಾಗ ಆ ರೈತರ ಹೊಲದಲ್ಲಿ ಕಾಡುಹಂದಿಗಳ ಕಾಟ ಹೆಚ್ಚಿತು. ನನ್ನ ಹಗುರ ರೈಫಲ್ ಸಾಲದೆ, ಬಂದೂಕು ರಿಪೇರಿಯ ಲೈಸೆನ್ಸ್ ಇರುವ ಗನ್‌ಸ್ಮಿತ್ ಒಬ್ಬನಿಂದ ಅದನ್ನು ದೊಡ್ಡ ಕ್ಯಾಲಿಬರ್‌ಗೆ, ಅಂದರೆ ದಪ್ಪ ಗುಂಡು ಹಿಡಿಸುವ ಅಳತೆಗೆ, ಬದಲಾಯಿಸಿಕೊಂಡೆ. ಹೊಸ ಅಂಕಿಯನ್ನು ಅವನು ನಳಿಗೆಯ ಅಡಿಯಲ್ಲಿ, ಮರದ ಹಿಡಿ ಮುಚ್ಚುವ ಕಡೆ ಕೆತ್ತಿದ. ಮೇಲಿನ ಹಳೆಯ ಅಂಕಿ ಹಾಗೆಯೇ ಉಳಿಯಿತು. ನಾನು ಫಾರ್ಮ್ ತುಂಬಿ ಕಳಿಸಿದೆ. ಎರಡು ಸಲ ಫೋನ್ ಮಾಡಿದೆ. ಪರಿಶೀಲನೆಯಲ್ಲಿದೆ ಎಂದಿರಿ. ಎಂಥ ಪರಿಶೀಲನೆ ಸ್ವಾಮಿ? ಒಂದು ಅಂಕಿ ಅಳಿಸಿ ಇನ್ನೊಂದು ಬರೆಯಲು ಯಾವ ಪಂಡಿತರ ಸಭೆ ಸೇರಬೇಕಿತ್ತು?

ಅಷ್ಟರಲ್ಲಿ ನನಗೆ ಮೆಲ್ಬೋರ್ನ್‌ನಲ್ಲಿ ಕೆಲಸ ಸಿಕ್ಕಿತು. ಊರಿಂದ ಮರಳಿದ್ದ ಶಶಿಧರನಿಗೆ ಡೀಲರ್ ಮೂಲಕ ರೈಫಲ್ ಮಾರಿದೆ. ಬದಲಾಯಿಸಿದ್ದನ್ನು ಬಾಯಿಬಿಟ್ಟು ಹೇಳಲಿಲ್ಲ. ಮನೆ ಖಾಲಿ ಮಾಡುವ ಗಡಿಬಿಡಿ. ಹೊಸ ನೋಂದಣಿ ಪತ್ರದಲ್ಲಿ ಬಂದೇ ಬರುತ್ತದೆ ಅಂದುಕೊಂಡೆ. ನೀವು ಅವನಿಗೆ ಕೊಟ್ಟ ಪತ್ರದಲ್ಲಿ ಹಳೆಯ ಕ್ಯಾಲಿಬರೇ ಇತ್ತು. ಅದಕ್ಕೆ ತಕ್ಕ ಗುಂಡು ಕೊಂಡ. ಅಳತೆಗೆ ಸಣ್ಣದಾದ ತೋಟಾ ಒಳಗೇ ಒಡೆದು, ಮೊದಲ ಗುಂಡಿಗೇ ರೈಫಲ್ ಅವನ ಮುಖದ ಕಡೆಗೆ ಸಿಡಿಯಿತು.

ಅವನ ಹೆಂಡತಿ ಶೀತಲ ಫೋನ್ ಮಾಡಿದ ದಿನವೇ ವಿಮಾನ ಹತ್ತಿದೆ. ಆಸ್ಪತ್ರೆಯಲ್ಲಿ ಅವನ ಅರ್ಧ ಮುಖಕ್ಕೆ ಪಟ್ಟಿ ಸುತ್ತಿತ್ತು.

"ಗೋಪಿ, ಕಾಗದದಾಗ ಏನ್ ಬರದಿತ್ತೋ ಅದನ್ನ ತಂದೇನೋ. ನಂದೇನ್ ತಪ್ಪಾತು?"

"ನಿಂದಲ್ಲ ಕಣೋ. ಕ್ಯಾಲಿಬರ್ ಬದಲಾಯಿಸಿದ್ದೆ. ನಾನು ಹೇಳಬೇಕಿತ್ತು."

ಅವನು ಗೋಡೆಯ ಕಡೆ ಹೊರಳಿದ. ಶೀತಲ ಕೇಳಿದರು: "ಒಂದ್ ಮಾತ್ ಹೇಳಾಕ ಏನಾಗಿತ್ರೀ ಅಣ್ಣಾ?"

ಅಂದಿನಿಂದ ಶಶಿಧರ ನನ್ನ ಫೋನ್ ಎತ್ತಿಲ್ಲ.

ಮೂರು ವಾರದ ನಂತರ ನಿಮ್ಮ ಪತ್ರ ಬಂತು: ನನ್ನ ರೈಫಲ್‌ನ ಕ್ಯಾಲಿಬರ್ ತಿದ್ದಲಾಗಿದೆಯಂತೆ, ನನ್ನ ಸಹಕಾರಕ್ಕೆ ಧನ್ಯವಾದವಂತೆ. ಯಾವ ರೈಫಲ್, ಮಾನ್ಯರೇ? ಪೊಲೀಸರ ಬಳಿ ಚೀಲದಲ್ಲಿರುವ ಚೂರುಗಳೇ?

ಇಂಥ ಇನ್ನೆಷ್ಟು ಫಾರ್ಮ್‌ಗಳು ನಿಮ್ಮ ಮೇಜಿನ ಮೇಲಿವೆ? ಇವತ್ತೇ ತೆಗೆಯಿರಿ. ಆ ಬಂದೂಕುಗಳು ಈಗ ಯಾರ ಕೈಯಲ್ಲಿವೆಯೋ ಅವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ. ಆಮೇಲೆ ಮಾರ್ಸ್ಡನ್ ಪಾರ್ಕ್‌ಗೆ ಹೋಗಿ ಶಶಿಧರನ ಎದುರು ನಿಂತು ತಪ್ಪೊಪ್ಪಿಕೊಳ್ಳಿ. ನಾನು ಒಪ್ಪಿಕೊಂಡಿದ್ದೇನೆ. ಅವನು ಕ್ಷಮಿಸಿಲ್ಲ. ನಿಮ್ಮನ್ನೂ ಕ್ಷಮಿಸಲಿಕ್ಕಿಲ್ಲ, ಆದರೂ ಹೋಗಿ.

ಇಂತಿ,
ನಿಮಗೆ ತಿಳಿಸಿ, ಗೆಳೆಯನಿಗೆ ತಿಳಿಸದೇ ಹೋದ
ಗೋಪೀನಾಥ ಅರಸು
ಡಾಕ್‌ಲ್ಯಾಂಡ್ಸ್, ಮೆಲ್ಬೋರ್ನ್