ಹೋಲ್ಡ್ ಆನ್

ಜನವರಿ ೧೩, ಮಂಗಳವಾರ

ಬೆಳಿಗ್ಗೆ ನೀರುದೋಸೆ. ಮಗ ಲತೇಶ್ ಎರಡೇ ತಿಂದು ಎದ್ದ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಫ್ಯಾಕ್ಟರಿವರೆಗೆ ಹೋಗುವವನಿಗೆ ಎರಡು ಸಾಕಾ? ಕೇಳಲಿಲ್ಲ. ಸೊಸೆ ಸಮೀಕ್ಷಾ, ಮೊಮ್ಮಗಳು ತೃಷಾ — ಅವರೂ ಹೊರಟರು. ಇನ್ನು ಸಂಜೆಯವರೆಗೆ ಹದಿನೇಳನೇ ಮಾಳಿಗೆಯಲ್ಲಿ ನಾನು, ಫ್ರಿಜ್ಜಿನ ಸದ್ದು, ದೇವರು.

ಹನ್ನೊಂದರ ಹೊತ್ತಿಗೆ ಮನೆ ಅಲ್ಲಾಡಿತು. ಹೌದು, ಅಲ್ಲಾಡಿತು. ದೇವರ ಮುಂದಿನ ತೂಗುದೀಪ ಆಚೆ ಈಚೆ ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ.

ಸಂಜೆ ಹೇಳಿದೆ.

"ಎಸಿ ಗಾಳಿಗೆ ಅಮ್ಮಾ," ಎಂದ ಲತೇಶ್.

"ಎಸಿ ಬಂದ್ ಇತ್ತು."

"ಹಾಗಾದ್ರೆ ಬಿಪಿ."

ಸೊಸೆ ಆಗಲೇ ಬಿಪಿ ಮೆಷಿನ್ ಹಿಡಿದು ಬಂದಿದ್ದಳು. ತೋಳು ಕೊಡಲಿಲ್ಲ.

ಜನವರಿ ೧೪

ಅಡಿಗೆಮನೆಯಲ್ಲಿ ಗಂಡ ಹೆಂಡತಿ ಮೆಲ್ಲಗೆ ಮಾತಾಡುತ್ತಿದ್ದರು. ನನ್ನ ಕಿವಿ ಇನ್ನೂ ಚೆನ್ನಾಗಿದೆ.

"ಒಬ್ರನ್ನೇ ಹೇಗೆ ಬಿಡುದು? ತಲೆ ತಿರುಗಿ ಬಿದ್ರೆ?"

"ಗುಣಪಾಲ ಮಾವನ ಹತ್ರ ಕೇಳಿ ನೋಡ್ತೇನೆ. ಊರಲ್ಲೇ ಇರ್ಲಿ."

ಗುಣಪಾಲ ನನ್ನ ತಮ್ಮ. ಅಕ್ಕನೆಂದು ಅವನ ಮನೆಯ ಚಾವಡಿಯಲ್ಲಿ ಕೂತು ಬುದ್ಧಿ ಹೇಳಿ ಬಂದವಳು ನಾನು. ಈಗ ಬ್ಯಾಗು ಹಿಡಿದು ಹೋಗಿ ಅದೇ ಮನೆಯ ಮೂಲೆಯಲ್ಲಿ ಮಲಗಬೇಕಾ? ಆಗದು. ಇನ್ನು ಏನು ಅಲ್ಲಾಡಿದರೂ ಬಾಯಿ ಬಿಡುವುದಿಲ್ಲ.

ಜನವರಿ ೧೮, ಭಾನುವಾರ

ಈ ಮನೆಯಲ್ಲಿ ನನ್ನನ್ನು ನಂಬಿದ್ದು ನಾಲ್ಕನೇ ಕ್ಲಾಸಿನವಳು ಒಬ್ಬಳೇ.

"ಪಾಸಿಬಲ್ ಅಜ್ಜಿ. ಇರಾನಲ್ಲಿ ಅರ್ತ್‌ಕ್ವೇಕ್ ಆದ್ರೆ ಇಲ್ಲಿ ಮೇಲಿನ ಫ್ಲೋರ್ ಶೇಕ್ ಆಗ್ತದಂತೆ. ಮಿಸ್ ಹೇಳಿದ್ದು."

ನನ್ನ ಹಾಸಿಗೆಯ ಪಕ್ಕದ ಕಪಾಟಿನ ಮೇಲಿದ್ದ ಕಂಚಿನ ಉರುಳಿ ಪಾತ್ರೆ ಕೆಳಗಿಳಿಸಲು ಹೇಳಿದಳು. ಇಳಿಸಿದೆ. ಟಾರ್ಚ್, ಚಪ್ಪಲಿ, ನೀರಿನ ಬಾಟಲಿ ಮಂಚದ ಬದಿಗೆ. ಗಾಜಿನ ಹತ್ತಿರ ನಿಲ್ಲಬಾರದು, ಲಿಫ್ಟ್ ಬೇಡ. ಎಲ್ಲ ಆದ ಮೇಲೆ ಊಟದ ಟೇಬಲ್ ತೋರಿಸಿದಳು.

"ಡ್ರಾಪ್, ಕವರ್, ಹೋಲ್ಡ್ ಆನ್!"

"ಟೇಬಲ್ ಅಡಿಗೆ ನಾನಾ? ನಾನೆಂತ ಬೆಕ್ಕಾ?"

"ಬೆಕ್ಕಾದ್ರೆ ಹೇಳದೇ ಹೋಗ್ತಿತ್ತು, ಅಜ್ಜಿ."

ಅವಳಿಗೆ ಬಂದ ಬಾಯಿ ನನ್ನದೇ. ಡ್ರಾಪ್ ಎಂದರೆ ಕೂಡಲೇ ಬಗ್ಗುವುದು, ಕವರ್ ಎಂದರೆ ತಲೆ ಮುಚ್ಚಿಕೊಳ್ಳುವುದು. ಅಷ್ಟರಲ್ಲಿ ಅವಳಮ್ಮ ಸ್ನಾನಕ್ಕೆ ಕರೆದಳು. "ಹೋಗು, ಹೋಲ್ಡ್ ಆನ್ ನನಗೆ ಗೊತ್ತುಂಟು," ಎಂದೆ.

ಅದನ್ನು ನನಗೆ ಕಲಿಸಬೇಕಾ? ಲತೇಶ್ ದುಬೈಗೆ ಬಂದ ಹೊಸತರಲ್ಲಿ ಪ್ರತಿ ಶುಕ್ರವಾರ ಫೋನಿನಲ್ಲಿ ಅದೇ — "ಅಮ್ಮಾ, ಹೋಲ್ಡ್ ಆನ್." ಆ ಕಡೆಯವರೇ ಮತ್ತೆ ಮಾತಾಡುವವರೆಗೆ ನಾವು ಅಲುಗದೆ ಕಾಯಬೇಕು. ರಿಸೀವರ್ ಹಿಡಿದು ಕಾದು ಎಷ್ಟು ಸಲ ಅನ್ನ ತಳ ಹಿಡಿದಿದೆ.

ಜನವರಿ ೨೯, ಗುರುವಾರ. ಮಧ್ಯಾಹ್ನ

ಟೇಬಲ್ ಅಡಿಯಿಂದ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಬರೆಯಲು ಕೂತಿದ್ದಾಗಲೇ ಬಂತು. ಈ ಸಲ ದೀಪ ನೋಡಬೇಕಾಗಲಿಲ್ಲ, ಶೋಕೇಸಿನ ಲೋಟಗಳೇ ಕಿಣಿಗುಟ್ಟಿದವು. ಡ್ರಾಪ್ — ಮೊಣಕಾಲು ಜೀವ ತೆಗೆಯಿತು. ಕವರ್ — ಸೋಫಾದ ದಿಂಬು ತಲೆಗೆ. ಅಲ್ಲಾಟ ನಿಂತಿತು. ಈಗ ಹೋಲ್ಡ್ ಆನ್.

ಹೊರಗೆ ಮೆಟ್ಟಿಲಿಳಿಯುವವರ ಗಲಾಟೆ. ಎದುರು ಫ್ಲ್ಯಾಟಿನ ಉರ್ಸುಲಾ ಬಾಯಿ ಬಾಗಿಲು ಬಡಿದರು.

"ಲೋಲಾಕ್ಷಿಯಕ್ಕಾ! ಬನ್ನಿ ಮಾರಾಯ್ರೆ, ಎಲ್ಲ ಕೆಳಗೆ ಹೋಗಿ ಆಯ್ತು!"

ಓಗೊಡಲಿಲ್ಲ. ನಿಯಮ ಎಂದರೆ ನಿಯಮ. ಫೋನು ಮಡಿಲಲ್ಲಿದೆ. ಲತೇಶನ ಕರೆ ಬರುತ್ತದೆ.

ಇಲ್ಲಿಂದ ಕುರ್ಚಿಗಳ ಕಾಲು ಮಾತ್ರ ಕಾಣುತ್ತದೆ. ತೃಷಾಳ ಕುರ್ಚಿಯ ಅಡಿಗೆ ಚೂಯಿಂಗ್ ಗಮ್ ಅಂಟಿಸಿದ್ದಾಳೆ ಕಳ್ಳಿ. ನನ್ನ ಕುರ್ಚಿಯ ಕಾಲುಗಳು ಮಾತ್ರ ಸವೆದಿವೆ. ಉಳಿದವು ಹೊಸತರ ಹಾಗೇ ಇವೆ...

ಫೋನಿಲ್ಲ.

ಇನ್ನೂ ಇಲ್ಲ.

ಜನವರಿ ೩೦

ನಿನ್ನೆ ಸಮೀಕ್ಷಾ ಬಾಗಿಲು ತೆಗೆದದ್ದೇ, ತೃಷಾ ಓಡಿ ಬಂದು ಬಗ್ಗಿ ನೋಡಿದಳು.

"ಅಜ್ಜಿ! ಇನ್ನೂ ಇಲ್ಲೇ?"

"ಹೋಲ್ಡ್ ಆನ್ ಅಂದದ್ದು ನೀನೇ ಅಲ್ವಾ?"

"ಅಯ್ಯೋ! ಅದು ಟೇಬಲಿನ ಕಾಲು ಹಿಡ್ಕೊಳ್ಳುದು! ಶೇಕಿಂಗ್ ನಿಂತ್ರೆ ಖಲಾಸ್, ಹೊರಗೆ ಬರ್ಬೇಕು!"

ಯಾರಿಗೂ ಹೇಳಬೇಡ ಎಂದೆ. ಆಣೆ ಹಾಕಿಸಿದೆ.

ಉರ್ಸುಲಾ ಬಾಯಿ ಅಷ್ಟರಲ್ಲಿ ಕಾರಿಡಾರಿನಲ್ಲಿ ಎಲ್ಲ ಹೇಳಿಯಾಗಿತ್ತು. "ಅಷ್ಟು ಬಡಿದ್ರೂ ಕೇಳ್ಲಿಲ್ವಾ ಅತ್ತೆ?" ಎಂದಳು ಸಮೀಕ್ಷಾ. ಇಲ್ಲ ಎಂದೆ. ಕಿವುಡಿ ಎಂದುಕೊಳ್ಳಲಿ. ಪೆದ್ದಿ ಎಂದು ನಗುವುದು ಬೇಡ.

ಲೈನ್ ಸಿಗಲೇ ಇಲ್ಲ ಎಂದ ಲತೇಶ್. ಇರಬಹುದು. ಊಟ ಮಾಡುತ್ತಾ ಮೊಬೈಲಿನಲ್ಲಿ ಮಂಗಳೂರಿನ ಟಿಕೆಟ್ ನೋಡುತ್ತಿದ್ದ. ಪಕ್ಕದಲ್ಲೇ ಕೂತಿದ್ದೆ.

ಫೆಬ್ರವರಿ ೨, ಸೋಮವಾರ

ಬ್ಯಾಗು ಕೆಳಗಿಳಿಸಿದೆ. ಅವನಾಗಿ ಹೇಳುವ ಮೊದಲೇ ತುಂಬಿಸಿಡುವುದು ಮರ್ಯಾದೆ. ಎರಡು ಸೀರೆ ಇಟ್ಟು ಬರೆಯಲು ಕೂತರೆ ಲತೇಶನ ಫೋನು. ಕೆಲಸದ ಹೊತ್ತಿನಲ್ಲಿ ಮಾಡುವವನಲ್ಲ.

"ಅಮ್ಮಾ, ತೃಷಾ ಕಾರಲ್ಲಿ ಎಲ್ಲ ಹೇಳಿದ್ಲು. ಅಷ್ಟು ಹೊತ್ತು ಟೇಬಲ್ ಅಡಿಯಲ್ಲಿ... ನನ್ನ ಫೋನಿಗೆ ಕಾದದ್ದಾ?"

ಆಣೆಗೆ ಬೆಲೆಯಿಲ್ಲ ಈ ಕಾಲದಲ್ಲಿ. ಆ ಕಡೆ ಅವನು ಮೂಗೆಳೆದ ಹಾಗೆ ಕೇಳಿತು — ಫ್ಯಾಕ್ಟರಿಯ ಧೂಳಿರಬೇಕು.

"ಆ ಟಿಕೆಟ್ ವಿಷಯ..." ಎಂದ. ಹಿಂದಿನಿಂದ ಯಾರೋ ಹಿಂದಿಯಲ್ಲಿ ಕರೆದರು. "ಅಮ್ಮಾ, ಹೋಲ್ಡ್ ಆನ್."

ಫೋನು ಸ್ಪೀಕರಿನಲ್ಲಿಟ್ಟು ಬರೆಯುತ್ತಿದ್ದೇನೆ. ಆ ಕಡೆ ಮೆಷಿನಿನ ಸದ್ದು. ಇಲ್ಲಿ ದೀಪ ಅಲ್ಲಾಡುತ್ತಿಲ್ಲ. ಆದರೂ ಎಡಗೈ ಟೇಬಲಿನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ಯಾವಾಗ ಹಿಡಿಯಿತೋ.

ಹೆಜ್ಜೆ ಸದ್ದು. ಬಂದ.

"ಅಮ್ಮಾ? ಇದ್ದೀರಾ?"

ಇದ್ದೇ —